ನೈಟ್‌ನ ಉಂಗುರದಂಗಿ: ಹಾಬರ್ಕ್ ಹೆಣೆಯುವ, ತೊಡುವ, ಕಾಪಾಡುವ ಸಮಗ್ರ ಮಾರ್ಗದರ್ಶಿ

1066ರ ಹೇಸ್ಟಿಂಗ್ಸ್ ಕದನದ ಕಾಲದಿಂದ ಸುಮಾರು 1300ರವರೆಗೆ ಯುರೋಪಿನ ನೈಟ್‌ನ, ಅಂದರೆ ಕುದುರೆ ಏರಿ ಕಾದುವ ಯೋಧನ, ಮೈ ಕಾಯುತ್ತಿದ್ದುದು ತಗಡಿನ ಕವಚವಲ್ಲ. ಕಬ್ಬಿಣದ ಉಂಗುರಗಳನ್ನು ಒಂದರೊಳಗೊಂದು ಹೆಣೆದ ಅಂಗಿ. ಇಂಗ್ಲಿಷಿನಲ್ಲಿ ಇದಕ್ಕೆ ಚೈನ್‌ಮೇಲ್ ಎನ್ನುವ ರೂಢಿಯಿದೆ. ಮೊಣಕಾಲಿನವರೆಗೆ ಬರುವ ಉದ್ದನೆಯದು ಹಾಬರ್ಕ್, ತೊಡೆಯವರೆಗೆ ಬರುವ ಗಿಡ್ಡದ್ದು ಹಾಬರ್ಜನ್. ಈ ಬರಹದಲ್ಲಿ ಎರಡನೆಯದನ್ನು ಮೊದಲಿನಿಂದ ಕೊನೆಯವರೆಗೆ ಮಾಡುವ ಕ್ರಮವಿದೆ. ಗಿಡ್ಡದ್ದು ಕೈಗೆ ಹತ್ತಿದರೆ ಉದ್ದದ್ದು ಕಷ್ಟವಲ್ಲ, ಸಾಲುಗಳನ್ನು ಹೆಚ್ಚಿಸುತ್ತ ಹೋದರಾಯಿತು.

ಆ ಕಾಲದ ಸಮಾಜದಲ್ಲಿ ಈ ಅಂಗಿಗೂ ಜಮೀನಿಗೂ ನೇರ ನಂಟಿತ್ತು. 805ರಲ್ಲಿ ಫ್ರಾಂಕರ ಚಕ್ರವರ್ತಿ ಷಾರ್ಲ್‌ಮೇನ್ ಹೊರಡಿಸಿದ ಕಟ್ಟಳೆಯಂತೆ 12 ಮಾನ್ಸ್, ಅಂದರೆ 12 ರೈತ ಕುಟುಂಬಗಳ ಹಿಡುವಳಿ ಉಳ್ಳವನು ಉಂಗುರದಂಗಿ ಇಟ್ಟುಕೊಳ್ಳಲೇಬೇಕಿತ್ತು. ಇದ್ದೂ ದಂಡಿಗೆ ತರದವನ ಜಮೀನೂ ಹೋಗುತ್ತಿತ್ತು, ಅಂಗಿಯೂ ಹೋಗುತ್ತಿತ್ತು. ಫ್ರಾಂಕರ ರಿಪುವಾರಿಯನ್ ಕಾನೂನಿನಲ್ಲಿ ಒಳ್ಳೆಯ ಅಂಗಿಯ ಬೆಲೆ 12 ಸಾಲಿಡಸ್ ನಾಣ್ಯ, ಎತ್ತಿನ ಬೆಲೆ 2. ಒಂದು ಅಂಗಿಗೆ ಆರು ಎತ್ತು. ನಾರ್ಮಂಡಿಯಲ್ಲಂತೂ ನೈಟ್‌ನ ಸೇವೆಗೆ ಕೊಟ್ಟ ಜಮೀನಿಗೆ ‘ಹಾಬರ್ಕ್‌ನ ಉಂಬಳಿ’ ಎಂದೇ ಹೆಸರು. 1181ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ ಮಾಡಿದ ಶಸ್ತ್ರ ನಿಯಮ ಇನ್ನೂ ಬಿಗಿ. ನೈಟ್‌ನ ಉಂಬಳಿ ಉಂಡವನ ಬಳಿ ಉಂಗುರದಂಗಿ, ಶಿರಸ್ತ್ರಾಣ, ಗುರಾಣಿ, ಈಟಿ ಇರಬೇಕು. ಅದನ್ನು ಮಾರಬಾರದು, ಅಡ ಇಡಬಾರದು, ಸತ್ತ ಮೇಲೆ ವಾರಸುದಾರನಿಗೇ ಸೇರಬೇಕು.

ಮೊದಲೇ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇದರಲ್ಲಿ ಕಮ್ಮಾರಿಕೆ ಇದೆ, ಆದರೆ ಮುಕ್ಕಾಲು ಪಾಲು ಇದು ದರ್ಜಿಯ ಕೆಲಸ. ಕೆಟ್ಟುಹೋಗುವ ಅಂಗಿಗಳು ಉಂಗುರ ಕೆಟ್ಟು ಹಾಳಾಗುವುದಕ್ಕಿಂತ ಅಳತೆ ಕೆಟ್ಟು, ಹೆಣಿಗೆಯ ದಿಕ್ಕು ಕೆಟ್ಟು, ಒಳಗೆ ಸರಿಯಾದ ದಪ್ಪಂಗಿ ಇಲ್ಲದೆ ಹಾಳಾಗುವುದೇ ಹೆಚ್ಚು.

ಯಾವ ಬಗೆಯ ಉಂಗುರ?

ಎರಡು ದಾರಿಗಳಿವೆ. ಉಂಗುರದ ಎರಡು ತುದಿಗಳನ್ನು ಬರಿದೆ ಎದುರುಬದುರು ಮುಟ್ಟಿಸಿ ಮುಚ್ಚುವುದು ಸುಲಭದ ದಾರಿ. ತುದಿಗಳನ್ನು ಒಂದರ ಮೇಲೊಂದು ಹೇರಿ, ಚಪ್ಪಟೆ ಬಡಿದು, ತೂತು ಕೊರೆದು, ಸಣ್ಣ ರಿವೆಟ್, ಅಂದರೆ ತಲೆ ಒತ್ತಿ ಬಿಗಿಯುವ ಮೊಳೆ, ಕೂರಿಸುವುದು ಹಳೆಯವರ ದಾರಿ. ಮಧ್ಯಯುಗದ ಯುರೋಪಿನ ಯುದ್ಧದಂಗಿಗಳು ರಿವೆಟ್ ಹಾಕಿದ ಉಂಗುರಗಳಿಂದ, ಅಥವಾ ಒಂದು ಸಾಲು ರಿವೆಟ್ ಉಂಗುರ, ಮತ್ತೊಂದು ಸಾಲು ಸಂದಿಯೇ ಇಲ್ಲದ ಇಡೀ ಉಂಗುರ ಎಂಬ ಕ್ರಮದಲ್ಲಿ ಮಾಡಿದವು.

ಬರಿದೆ ಮುಚ್ಚಿದ ಉಂಗುರ ಚೂಪಾದ ಮೊನೆ ತಾಗಿದರೆ ಬಾಯಿ ಬಿಡುತ್ತದೆ. ಒಂದು ತುಂಡು ಹೆಣೆದು ಮರದ ಹಲಗೆಯ ಮೇಲಿಟ್ಟು ದಬ್ಬಣದಿಂದ ಒತ್ತಿ ನೋಡಿ, ಒಂದೇ ಒತ್ತಿಗೆ ತಿಳಿಯುತ್ತದೆ. ಆದ್ದರಿಂದ ನಾಟಕ, ಮೆರವಣಿಗೆ, ಪ್ರದರ್ಶನಕ್ಕೆ ಮುಚ್ಚಿದ ಉಂಗುರ ಸಾಕು. ಐತಿಹಾಸಿಕ ಮರುಸೃಷ್ಟಿ ತಂಡಗಳಲ್ಲಿ ಮೊಂಡು ಕತ್ತಿ ಹಿಡಿದು ಸೆಣಸುವವರಿಗೆ ರಿವೆಟ್ ಉಂಗುರವೇ ಬೇಕು. ಎರಡರಲ್ಲಿ ಯಾವುದನ್ನೇ ತೊಟ್ಟರೂ ಮನುಷ್ಯನ ಮೈಮೇಲಿದ್ದಾಗ ಹರಿತವಾದ ಆಯುಧದಿಂದ ಪರೀಕ್ಷೆ ಮಾಡಕೂಡದು.

ಮೊದಲ ಅಂಗಿಗೆ ಮುಚ್ಚಿದ ಉಂಗುರವನ್ನೇ ಹಿಡಿಯಿರಿ ಎಂಬುದು ನಮ್ಮ ಸಲಹೆ. ಹೆಣಿಗೆ, ಆಕಾರ, ಅಳತೆ ಎಲ್ಲವನ್ನೂ ಅದರಲ್ಲೇ ಕಲಿಯಬಹುದು.

1. ಒಳಗಿನ ದಪ್ಪಂಗಿ

ಕೆಲಸ ಶುರುವಾಗುವುದು ಬಟ್ಟೆಯಿಂದ. ಉಂಗುರಗಳು ಕತ್ತಿಯ ಅಲಗು ಮೈಯನ್ನು ಕೊಯ್ಯದಂತೆ ತಡೆಯುತ್ತವೆ, ಏಟಿನ ಭಾರವನ್ನು ತಡೆಯುವುದಿಲ್ಲ. ಭಾರ ನುಂಗುವುದು ಒಳಗಿನ ಹತ್ತಿ. 1191ರಲ್ಲಿ ಪ್ಯಾಲೆಸ್ಟೈನಿನ ಅರ್ಸೂಫ್ ಕಡೆಗೆ ಸಾಗಿದ ಕ್ರುಸೇಡ್ (ಕ್ರೈಸ್ತರ ಧರ್ಮಯುದ್ಧ) ಕಾಲಾಳುಗಳು ದಪ್ಪ ಫೆಲ್ಟ್ ಬಟ್ಟೆಯನ್ನೂ ಉಂಗುರದಂಗಿಯನ್ನೂ ಒಟ್ಟಿಗೆ ತೊಟ್ಟಿದ್ದರು. ಬೆನ್ನಿಗೆ ಒಂದರಿಂದ ಹತ್ತರವರೆಗೆ ಬಾಣ ಸಿಕ್ಕಿಕೊಂಡಿದ್ದರೂ ಸಾಲು ತಪ್ಪದೆ ನಡೆಯುತ್ತಿದ್ದರು ಎಂದು ಎದುರಾಳಿ ಸುಲ್ತಾನ ಸಲಾದಿನ್‌ನ ಪಾಳಯದಲ್ಲಿದ್ದ ಬಹಾ ಅದ್-ದೀನ್ ಬರೆದಿಟ್ಟಿದ್ದಾನೆ.

ಈ ದಪ್ಪಂಗಿಗೆ ಗ್ಯಾಂಬಿಸನ್ ಎಂದು ಹೆಸರು. ಉತ್ತರ ಕರ್ನಾಟಕದ ಕೌದಿ ಹೊಲಿಯಲು ಬಲ್ಲವರಿಗೆ ಇದರಲ್ಲಿ ಹೊಸದಾಗಿ ಕಲಿಯುವುದು ಬಹಳವಿಲ್ಲ. ಹಳೆಯ ಹತ್ತಿ ಪಂಚೆ, ಹಾಸು ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಕುಗ್ಗುವಷ್ಟು ಕುಗ್ಗಿಸಿ, 8ರಿಂದ 10 ಪದರ ಹಾಸಿ. ಎರಡೂ ಬದಿಗೆ ಗಟ್ಟಿ ನೇಯ್ಗೆಯ ಬಟ್ಟೆ ಇರಲಿ. 4 ಸೆಂ.ಮೀ. ಅಂತರದಲ್ಲಿ ಮೇಲಿನಿಂದ ಕೆಳಕ್ಕೆ ಉದ್ದ ಹೊಲಿಗೆ ಹಾಕಿ. ಹೊಲಿಗೆ ಬಿದ್ದಂತೆಲ್ಲ ಬಟ್ಟೆ ಅಗಲದಲ್ಲಿ ಕುಗ್ಗುತ್ತದೆ, ಅದಕ್ಕೇ ಮೊದಲು ಹೊಲಿದು ಆಮೇಲೆ ಅಂಗಿಯ ಆಕಾರಕ್ಕೆ ಕತ್ತರಿಸಬೇಕು. ಮೊದಲೇ ಕತ್ತರಿಸಿ ಹೊಲಿದವರ ಅಂಗಿ ಎದೆಯ ಹತ್ತಿರ ಕೂಡುವುದೇ ಇಲ್ಲ.

ಭುಜದ ಮೇಲೆ ಇನ್ನೂ ಎರಡು ಮೂರು ಪದರ ಸೇರಿಸಿ, ಅಲ್ಲಿಯೇ ಹತ್ತು ಹನ್ನೆರಡು ಕಿಲೋ ಕೂರುವುದು. ಕಂಕುಳಲ್ಲಿ 10 ಸೆಂ.ಮೀ. ಬಾಯಿ ತೆರೆದೇ ಬಿಡಿ. ಅದಿಲ್ಲದಿದ್ದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೇಳುತ್ತದೆ, ನಮ್ಮ ಸೆಖೆಗೆ ಗಾಳಿಯೂ ಆಡುವುದಿಲ್ಲ. ಕತ್ತಿನ ಸುತ್ತ 5 ಸೆಂ.ಮೀ. ನಿಲ್ಲುವ ಪಟ್ಟಿ ಇರಲಿ, ಉಂಗುರಗಳು ಕತ್ತಿನ ಚರ್ಮವನ್ನು ಬೇಗ ಕೆರೆಯುತ್ತವೆ. ಒಳಗೆ ಸ್ಪಾಂಜ್ ತುಂಬುವ ಯೋಚನೆ ಬೇಡ. ಬೆವರು ಹೀರದೆ ಮೈ ಬೇಯಿಸುತ್ತದೆ, ವಾಸನೆಯೂ ಬಿಡುವುದಿಲ್ಲ.

2. ಅಳತೆ, ಲೆಕ್ಕ

ದಪ್ಪಂಗಿ ತೊಟ್ಟ ಮೇಲೆಯೇ ಅಳತೆ ತೆಗೆಯಬೇಕು. ಎದೆಯ ಸುತ್ತಳತೆಗೆ 15ರಿಂದ 20 ಸೆಂ.ಮೀ. ಸೇರಿಸಿ. ಇಷ್ಟು ಸಡಿಲ ಏಕೆಂದರೆ ಈ ಅಂಗಿಗೆ ಮುಂದೆ ಗುಂಡಿಯಿಲ್ಲ. ತಲೆಯ ಮೇಲಿಂದ ಇಳಿಸಿಕೊಂಡು ಭುಜ ದಾಟಿಸಬೇಕು.

ದಪ್ಪಂಗಿಯ ಮೇಲೆ ಎದೆ 105 ಸೆಂ.ಮೀ. ಇರುವವರ ಲೆಕ್ಕ ನೋಡೋಣ. ಮೈಯ ಕೊಳವೆ 122 ಸೆಂ.ಮೀ. ಸುತ್ತ, ಕಂಕುಳಿನಿಂದ ನಡುತೊಡೆಗೆ 60 ಸೆಂ.ಮೀ. ಉದ್ದ. ಭುಜದ ಭಾಗ ಹಿಂದೆ ಮುಂದೆ ಸೇರಿ, ಕತ್ತಿನ ಬಾಯಿ ಕಳೆದು, ಸುಮಾರು 1,800 ಚದರ ಸೆಂ.ಮೀ. ಮೊಣಕೈವರೆಗಿನ ಎರಡು ತೋಳು 2,500. ಒಟ್ಟು ಸುಮಾರು 11,600 ಚದರ ಸೆಂ.ಮೀ.; ಅಂದರೆ 10 × 10 ಸೆಂ.ಮೀ.ಯ 116 ಚೌಕ.

ಇನ್ನು ಉಂಗುರದ ಎಣಿಕೆ. ಇದನ್ನು ಯಾವುದೋ ಪಟ್ಟಿ ನೋಡಿ ಬರೆದುಕೊಳ್ಳಬೇಡಿ. ನಿಮ್ಮದೇ ತಂತಿಯಲ್ಲಿ ಒಂದು ಚೌಕ ಹೆಣೆದು, ಎಳೆಯದೆ ಮೇಜಿನ ಮೇಲೆ ಹಾಸಿ ಎಣಿಸಿ. ಅದರಲ್ಲಿ 240 ಉಂಗುರ ಬಂದರೆ ಇಡೀ ಅಂಗಿಗೆ 27,840. ಒಳವ್ಯಾಸ 8 ಮಿ.ಮೀ., ತಂತಿ 1.6 ಮಿ.ಮೀ. ಇದ್ದರೆ ಒಂದೊಂದು ಉಂಗುರಕ್ಕೆ 30 ಮಿ.ಮೀ. ತಂತಿ ಬೇಕು, ತೂಕ ಅರ್ಧ ಗ್ರಾಮಿಗೆ ತುಸು ಕಡಿಮೆ. ಒಟ್ಟು 840 ಮೀಟರ್ ತಂತಿ, 13 ಕಿಲೋ ಚಿಲ್ಲರೆ. ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ 15 ಕಿಲೋ ತಂದಿಟ್ಟುಕೊಳ್ಳಿ. ಒಂದೇ ಸಲ ತರುವುದು ಒಳ್ಳೆಯದು, ಬೇರೆ ಬೇರೆ ಬಾರಿ ತಂದ ತಂತಿಯ ಗಡಸುತನವೂ ಬಣ್ಣವೂ ಬೇರೆಯಾಗುತ್ತದೆ. ಗಂಟೆಗೆ 200 ಉಂಗುರ ಹೆಣೆದರೆ ಹೆಣಿಗೆಗೇ 140 ಗಂಟೆ ಬೇಕಾಗುತ್ತದೆ, ಸುರುಳಿ ಸುತ್ತಿ ಕತ್ತರಿಸುವ ಸಮಯ ಬೇರೆ.

3. ತಂತಿ, ಸಲಕರಣೆ

ಮುಚ್ಚಿದ ಉಂಗುರಕ್ಕೆ 16 ಗೇಜ್ ಜಿ.ಐ. ತಂತಿ, ಅಂದರೆ ಬೇಲಿಗೆ ಬಳಸುವ ಸತು ಲೇಪಿಸಿದ ತಂತಿ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬೇಗ ತುಕ್ಕು ಹಿಡಿಯುವುದಿಲ್ಲ. ಹೊಳಪು ಅತಿಯಾಯಿತು ಎನಿಸಿದರೆ ಹೆಣೆದ ತುಂಡನ್ನು ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ ತೊಳೆಯಿರಿ, ಮಂಕು ಬೂದು ಬಣ್ಣಕ್ಕೆ ಬರುತ್ತದೆ. ರಿವೆಟ್ ಉಂಗುರಕ್ಕೆ ಮಾತ್ರ ಇದನ್ನು ಮುಟ್ಟಲೇಬಾರದು. ಆ ಉಂಗುರಗಳನ್ನು ಕೆಂಪಗೆ ಕಾಯಿಸಬೇಕಾಗುತ್ತದೆ. ಸತುವಿನ ಹೊಗೆ ಉಸಿರಿಗೆ ಹೋದರೆ ಜ್ವರ, ಚಳಿ, ಎದೆಬಿಗಿತ ಬರುತ್ತದೆ. ಅದಕ್ಕೆ ಕಟ್ಟಡದವರು ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಹೇಳಿ ಮಾಡಿಸಿದ್ದು. ಅದನ್ನು ಕಾರ್ಖಾನೆಯಲ್ಲೇ ಕಾಯಿಸಿ ಮೆದು ಮಾಡಿರುತ್ತಾರೆ. 18 ಗೇಜ್ (1.2 ಮಿ.ಮೀ.) ಕೇಳಿ ತನ್ನಿ.

8 ಮಿ.ಮೀ. ದಪ್ಪದ, 60 ಸೆಂ.ಮೀ. ಉದ್ದದ ಕಬ್ಬಿಣದ ಸರಳು ಒಂದು, ಅದರ ಒಂದು ತುದಿ ಹಿಡಿಕೆಯಂತೆ ಬಗ್ಗಿರಲಿ, ತಂತಿಯ ತುದಿ ಸಿಕ್ಕಿಸಲು ಸಣ್ಣ ತೂತೂ ಇರಲಿ. ಸರಳನ್ನು ಹೊರಲು ತೂತು ಕೊರೆದ ಎರಡು ಮರದ ಕಂಬ. ಬಾಯಿಯೊಳಗೆ ಗೀರುಗಳಿಲ್ಲದ ಎರಡು ಇಕ್ಕಳ. ಗೀರಿದ್ದರೆ ಅರದಿಂದ ಉಜ್ಜಿ ನುಣುಪು ಮಾಡಿ, ಇಲ್ಲವಾದರೆ ಪ್ರತಿ ಉಂಗುರದ ಮೇಲೂ ಹಲ್ಲಿನ ಗುರುತು ಬೀಳುತ್ತದೆ. ಹಿಡಿಕೆ ದಪ್ಪಗಿದ್ದಷ್ಟೂ ಅಂಗೈಗೆ ಹಿತ. ಕತ್ತರಿಸಲು ಸಣ್ಣ ಬೋಲ್ಟ್ ಕಟರ್. ಕಣ್ಣಿಗೆ ಕನ್ನಡಕ ಕಡ್ಡಾಯ, ಕತ್ತರಿಸಿದ ತುಣುಕು ಎತ್ತ ಹಾರುತ್ತದೋ ಹೇಳಲಾಗದು.

4. ಸುರುಳಿ ಸುತ್ತಿ ಕತ್ತರಿಸುವುದು

ತಂತಿಯ ತುದಿಯನ್ನು ಸರಳಿನ ತೂತಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಹಿಡಿದು ಹಿಡಿಕೆ ತಿರುಗಿಸಿ. ಸುತ್ತುಗಳು ಒಂದಕ್ಕೊಂದು ತಾಗಿಕೊಂಡೇ ಬರಬೇಕು. ಕೊನೆಗೆ ತಂತಿಯನ್ನು ಒಮ್ಮೆಲೇ ಬಿಡಬೇಡಿ, ಸುರುಳಿ ಸಡಿಲಗೊಂಡು ತಿರುಗುವಾಗ ಬಾಲ ಕೈಗೆ ಬಡಿಯುತ್ತದೆ. ಸರಳಿನಿಂದ ತೆಗೆದಾಗ ಒಳವ್ಯಾಸ ಸರಳಿಗಿಂತ ತುಸು ಹಿಗ್ಗಿರುತ್ತದೆ, ತಂತಿ ಗಡಸಾದಷ್ಟೂ ಹಿಗ್ಗು ಹೆಚ್ಚು.

ಸುರುಳಿಯನ್ನು ಉದ್ದಕ್ಕೆ ಒಂದೇ ಗೆರೆಯಲ್ಲಿ ಕತ್ತರಿಸುತ್ತ ಹೋಗಿ. ಕಟರ್ ಸುತ್ತಿಗೆ ನೇರವಾಗಿ ನಿಲ್ಲಲಿ. ಓರೆಯಾದರೆ ತುದಿ ಚೂಪಾಗಿ, ಮುಚ್ಚಿದಾಗ ಸಂದಿ ಉಳಿಯುತ್ತದೆ. ಅದೇ ಸಂದಿ ಮುಂದೆ ದಪ್ಪಂಗಿಯ ನೂಲು ಹರಿಯುತ್ತದೆ. ಕತ್ತರಿಸಿದ ಉಂಗುರಗಳಲ್ಲಿ ಅರ್ಧದಷ್ಟನ್ನು ಆಗಲೇ ಮುಚ್ಚಿ ಒಂದು ಡಬ್ಬಿಗೆ ಹಾಕಿ, ಉಳಿದರ್ಧವನ್ನು ತುಸು ಬಾಯಿ ತೆರೆದು ಇನ್ನೊಂದಕ್ಕೆ. ಮುಚ್ಚುವಾಗ ತುದಿಗಳನ್ನು ಅಕ್ಕಪಕ್ಕಕ್ಕೆ ಹೊರಳಿಸಿ, ಸ್ವಲ್ಪ ದಾಟಿಸಿ, ಮರಳಿ ತಂದು ಕೂಡಿಸಿ. ಹೊರಕ್ಕೆ ಎಳೆದು ತೆರೆದ ಉಂಗುರ ಮತ್ತೆ ಗುಂಡಗಾಗುವುದಿಲ್ಲ. ಬೆರಳು ಆಡಿಸಿದಾಗ ಸಂದಿ ತಿಳಿಯಲೇಬಾರದು, ಇದರಲ್ಲಿ ರಿಯಾಯಿತಿ ಬೇಡ.

5. ರಿವೆಟ್ ದಾರಿ ಹಿಡಿದವರಿಗೆ

ತುದಿಗಳನ್ನು ಹೇರಿದಾಗ ಉಂಗುರ ಕಿರಿದಾಗುತ್ತದೆ. 4 ಮಿ.ಮೀ. ಹೇರಿಕೆಗೆ ವ್ಯಾಸ ಸುಮಾರು 1.3 ಮಿ.ಮೀ. ಇಳಿಯುತ್ತದೆ, ಆದ್ದರಿಂದ ಕೊನೆಗೆ 8 ಮಿ.ಮೀ. ಬೇಕಿದ್ದರೆ ಸುತ್ತುವ ಸರಳು 9.5 ಮಿ.ಮೀ.ಯ ಹತ್ತಿರ ಇರಲಿ. ಹೇರಿಕೆ ಎಲ್ಲ ಉಂಗುರದಲ್ಲೂ ಒಂದೇ ದಿಕ್ಕಿಗೆ ಇರಬೇಕು. ಹೇರಿಸಲು ಸುಲಭ ಉಪಾಯವೆಂದರೆ ಮೇಲೆ ಅಗಲ, ಕೆಳಗೆ ಕಿರಿದಾದ ಕೊಳವೆ ತೂತಿನ ಉಕ್ಕಿನ ತುಂಡು. ಉಂಗುರವನ್ನು ಮೇಲಿನಿಂದ ಹಾಕಿ ಮೊಂಡು ಸರಳಿನಿಂದ ತಳ್ಳಿದರೆ ತುದಿಗಳು ತಾವೇ ಒಂದರ ಮೇಲೊಂದು ಏರುತ್ತವೆ.

ನಂತರ ಉಂಗುರಗಳನ್ನು ಒಂದು ತಂತಿಗೆ ಪೋಣಿಸಿ ಕೆಂಡದಲ್ಲಿ ಮಂಕು ಕೆಂಪಿಗೆ ಬರುವವರೆಗೆ ಕಾಯಿಸಿ. ನೀರಿಗೆ ಅದ್ದಬೇಡಿ; ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಿ. ಅಡಿಗಲ್ಲಿನ ಮೇಲಿಟ್ಟು ಹೇರಿಕೆಯ ಜಾಗವನ್ನು ಮಾತ್ರ ಒಂದೆರಡು ಏಟಿಗೆ ಚಪ್ಪಟೆ ಮಾಡಿ, ಮತ್ತೊಮ್ಮೆ ಕಾಯಿಸಿ ಆರಿಸಿ. ಈ ಎರಡನೇ ಕಾಯಿಸುವಿಕೆಯನ್ನು ಬಿಟ್ಟವರ ಉಂಗುರಗಳು ತೂತು ಹೊಡೆಯುವಾಗ ಬಿರುಕು ಬಿಡುತ್ತವೆ, ಏಕೆಂದರೆ ಬಡಿದ ಕಬ್ಬಿಣ ಮತ್ತೆ ಗಡಸಾಗಿರುತ್ತದೆ.

ತೂತಿಗೆ ಡ್ರಿಲ್ ಬೇಡ. ಅಷ್ಟು ಕಿರಿದಾದ ಜಾಗದಲ್ಲಿ ಡ್ರಿಲ್ ಲೋಹವನ್ನೇ ತೆಗೆದುಹಾಕುತ್ತದೆ, ಚೂಪು ಉಳಿ ಲೋಹವನ್ನು ಪಕ್ಕಕ್ಕೆ ಸರಿಸುತ್ತದೆ, ಅಂಚು ಉಳಿಯುತ್ತದೆ. ಕೆಳಗೆ ತಾಮ್ರ ಅಥವಾ ಗಟ್ಟಿ ಮರದ ತುಂಡು ಇಟ್ಟು, ಉಳಿಯ ತುದಿಗೆ ಆಗಾಗ ಎಣ್ಣೆ ಮುಟ್ಟಿಸಿ ಹೊಡೆಯಿರಿ. ತೂತು ಅಂಚಿಗೆ ಸರಿದರೆ ಆ ಉಂಗುರವನ್ನು ಎಸೆಯಿರಿ. ಕೂರಿಸಿದರೂ ಮೊದಲ ಎಳೆತಕ್ಕೇ ಹರಿಯುತ್ತದೆ.

ರಿವೆಟ್‌ಗೆ 0.8 ಮಿ.ಮೀ. ತಗಡಿನಿಂದ ಸಣ್ಣ ತ್ರಿಕೋನ ತುಣುಕುಗಳನ್ನು ಕತ್ತರಿಸಿಕೊಳ್ಳಿ. ಹಳೆಯ ಅಂಗಿಗಳಲ್ಲಿ ದುಂಡು ಮೊಳೆ, 14ನೇ ಶತಮಾನದಿಂದೀಚೆಗೆ ತ್ರಿಕೋನ ಮೊಳೆ ಹೆಚ್ಚು. ಹೆಣೆಯುವ ಜಾಗದಲ್ಲಿ ಉಂಗುರ ಸೇರಿಸಿ, ಹಿಂಬದಿಯಿಂದ ಮೊಳೆ ತೂರಿ, ಹೊರಬಂದ ಭಾಗವನ್ನು 1 ಮಿ.ಮೀ. ಬಿಟ್ಟು ಕತ್ತರಿಸಿ, ಒಂದು ದವಡೆಯಲ್ಲಿ ಸಣ್ಣ ಗುಳಿ ಇರುವ ಇಕ್ಕಳದಿಂದ ಒತ್ತಿ. ಗುಳಿ ಮೊಳೆಯ ತಲೆಯನ್ನು ಗುಂಡಗೆ ಮಾಡುತ್ತದೆ. ಮೊಳೆ ಗಿಡ್ಡವಾದರೆ ತಲೆ ಕಟ್ಟದೆ ಉದುರುತ್ತದೆ, ಉದ್ದವಾದರೆ ಬಾಗಿ ಪಕ್ಕಕ್ಕೆ ಮಲಗುತ್ತದೆ.

1.2 ಮಿ.ಮೀ. ತಂತಿಯ ರಿವೆಟ್ ಉಂಗುರ 0.3 ಗ್ರಾಮ್ ಆಸುಪಾಸು ತೂಗುತ್ತದೆ. ಅಂದರೆ ಮುಚ್ಚಿದ ಉಂಗುರಕ್ಕಿಂತ ಹಗುರ, ಆದರೂ ಎಷ್ಟೋ ಪಾಲು ಗಟ್ಟಿ. ಅಷ್ಟು ಶ್ರಮ ಪಡಲು ಸಾಧ್ಯವಿಲ್ಲದವರಿಗೆ ತೂತು ಹೊಡೆದು ಸಿದ್ಧ ಮಾಡಿದ ಉಂಗುರ, ಮೊಳೆ ಎರಡೂ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಯುರೋಪು, ಅಮೆರಿಕದ ಮರುಸೃಷ್ಟಿ ತಂಡಗಳು ಕೊಳ್ಳುವ ಇಂಥ ಉಂಗುರಗಳಲ್ಲಿ ಬಹಳಷ್ಟು ತಯಾರಾಗುವುದು ಭಾರತದಲ್ಲೇ. ಒಂದು ಎಚ್ಚರಿಕೆ: ನಮ್ಮ ದೇಶದ ಹಳೆಯ ಉಂಗುರದಂಗಿಗಳಲ್ಲಿ, ಅದರಲ್ಲೂ 18–19ನೇ ಶತಮಾನದವುಗಳಲ್ಲಿ, ಉಂಗುರದ ನಡುವೆ ಅಡ್ಡಪಟ್ಟಿ ಇರುವ ಬಗೆ ಕಾಣುತ್ತದೆ. ಅದು ನೋಡಲು ಚೆಂದ, ಆದರೆ ಯುರೋಪಿನ ನೈಟ್‌ನ ಅಂಗಿಗೆ ಸಲ್ಲದು.

6. ಹೆಣಿಗೆ

ಯುರೋಪಿನ ಅಂಗಿಗಳ ಸಾಮಾನ್ಯ ಹೆಣಿಗೆಯಲ್ಲಿ ಪ್ರತಿ ಉಂಗುರವೂ ನಾಲ್ಕನ್ನು ಹಿಡಿಯುತ್ತದೆ: ಮೇಲೆ ಎರಡು, ಕೆಳಗೆ ಎರಡು. ತೆರೆದ ಒಂದು ಉಂಗುರಕ್ಕೆ ಮುಚ್ಚಿದ ನಾಲ್ಕನ್ನು ಪೋಣಿಸಿ ಮುಚ್ಚಿ. ಮೇಜಿನ ಮೇಲೆ ಹರಡಿ, ಎರಡು ಮೇಲಕ್ಕೆ, ಎರಡು ಕೆಳಕ್ಕೆ ಬರುವಂತೆ. ಇನ್ನೊಂದು ತೆರೆದ ಉಂಗುರಕ್ಕೆ ಎರಡು ಮುಚ್ಚಿದವನ್ನು ಹಾಕಿ, ಮೊದಲ ತುಣುಕಿನ ಕೆಳಗಿನೆರಡರ ಮೂಲಕ ತೂರಿಸಿ ಮುಚ್ಚಿ. ಹೀಗೆ ಮುಂದುವರಿಸಿದರೆ 2–1–2–1–2 ಎಂದು ಸಾಗುವ ಸರ ಆಗುತ್ತದೆ. ಅದನ್ನು ಅಡ್ಡ ಮಲಗಿಸಿ, ಅದೇ ಮೂರು ಸಾಲಿನ ಪಟ್ಟಿ.

ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟು ತೆರೆದ ಉಂಗುರಗಳ ಒಂದು ಸಾಲಿನಿಂದ ಕೂಡಿಸಿ. ಪ್ರತಿ ಉಂಗುರ ಮೇಲಿನ ಪಟ್ಟಿಯ ಅಂಚಿನ ಎರಡನ್ನು, ಕೆಳಗಿನದರ ಎರಡನ್ನು ಹಿಡಿಯಬೇಕು. ಕೂಡಿಸುವ ಮೊದಲು ನೋಡಬೇಕಾದದ್ದು ವಾಲಿಕೆ. ಒಂದು ಸಾಲಿನ ಉಂಗುರಗಳೆಲ್ಲ ಎಡಕ್ಕೆ ವಾಲಿದ್ದರೆ ಪಕ್ಕದ ಸಾಲಿನವೆಲ್ಲ ಬಲಕ್ಕೆ ವಾಲಿರಬೇಕು. ಹೊಸಬರ ಕೈಯಲ್ಲಿ ಎರಡು ಬಗೆಯ ತಪ್ಪು ನುಸುಳುತ್ತದೆ. ಉಂಗುರವೊಂದು ನಾಲ್ಕರ ಬದಲು ಮೂರನ್ನೇ ಹಿಡಿದಿರುತ್ತದೆ, ಅಲ್ಲಿ ಕಣ್ಣಿಗೆ ಕಾಣುವ ಕಂಡಿ. ಅಥವಾ ಒಂದು ಉಂಗುರ ತಿರುಚಿ ಹಿಮ್ಮುಖವಾಗಿ ಕೂತಿರುತ್ತದೆ, ಅಲ್ಲಿ ಗಂಟು ಕಟ್ಟಿದಂತೆ ಗಟ್ಟಿಯಾಗುತ್ತದೆ. ಹತ್ತು ಸಾಲಿಗೊಮ್ಮೆ ತುಂಡನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರೆ ಎರಡೂ ಸಿಕ್ಕಿಬೀಳುತ್ತವೆ. ಐವತ್ತು ಸಾಲು ಮುಗಿದ ಮೇಲೆ ಹುಡುಕಲು ಹೊರಟರೆ ದಿನವೇ ಹೋಗುತ್ತದೆ.

7. ದಿಕ್ಕು, ಆಕಾರ

ಇಡೀ ಕೆಲಸದ ಜೀವ ಇಲ್ಲಿದೆ. ಸಾಲುಗಳು ಮೈಯ ಸುತ್ತ ಅಡ್ಡಲಾಗಿ ಬರಬೇಕು. ಹಾಗೆ ತೂಗಿದಾಗ ಹೆಣಿಗೆ ತನ್ನ ಭಾರಕ್ಕೆ ತಾನೇ ಅಗಲದಲ್ಲಿ ಮುದುಡಿಕೊಳ್ಳುತ್ತದೆ, ಉಸಿರೆಳೆದರೆ ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಮೈಗೆ ಅಂಟುತ್ತದೆ. ಅದೇ ತುಂಡನ್ನು ಕಾಲು ಸುತ್ತು ತಿರುಗಿಸಿ ತೂಗಿದರೆ ಉಂಗುರಗಳು ಬಾಯಿ ತೆರೆದು ಕೆಳಕ್ಕೆ ಜೋಲುತ್ತವೆ. ಅಗಲದಲ್ಲಿ ಒಂದಿಷ್ಟೂ ಬಗ್ಗುವುದಿಲ್ಲ. ಚೌಕದ ಮಾದರಿ ತುಂಡನ್ನು ಎರಡೂ ಬಗೆಯಲ್ಲಿ ಹಿಡಿದು ನೋಡಿ, ಮತ್ತೆಂದೂ ಮರೆಯುವುದಿಲ್ಲ.

122 × 60 ಸೆಂ.ಮೀ. ಹಾಳೆ ಸಿದ್ಧವಾದ ಮೇಲೆ ಬದಿಯನ್ನು ತಂತಿಯಿಂದ ತಾತ್ಕಾಲಿಕವಾಗಿ ಕಟ್ಟಿ ತೊಟ್ಟು ನೋಡಿ. ಸರಿ ಎನಿಸಿದರೆ ಕೂಡಿಸಿ. ಬದಿಯ ಕೂಡಿಕೆಯಲ್ಲಿ ಸಾಲು ಬಿಟ್ಟು ಸಾಲಿಗೆ ಒಂದು ಉಂಗುರ. ಅದು ಎಡಗಡೆಯ ಮೇಲಿನದು ಕೆಳಗಿನದು, ಬಲಗಡೆಯ ಮೇಲಿನದು ಕೆಳಗಿನದು, ಹೀಗೆ ನಾಲ್ಕನ್ನು ಹಿಡಿಯುತ್ತದೆ. ಸರಿಯಾಗಿ ಮಾಡಿದರೆ ಕೂಡಿಕೆ ಎಲ್ಲಿದೆ ಎಂದು ನಿಮಗೇ ಗೊತ್ತಾಗದು.

ಕೊಳವೆಯ ಮೇಲಂಚಿನಿಂದ ಮುಂದಕ್ಕೆ ಹಿಂದಕ್ಕೆ ಭುಜದ ಭಾಗವನ್ನು ಬೆಳೆಸಿ. ಮುಂದಿನ ಭಾಗದಲ್ಲಿ ಕತ್ತಿಗೆ ಚೌಕ ಬಾಯಿ ಬಿಟ್ಟು ಎರಡು ಪಟ್ಟಿಗಳನ್ನು ಭುಜದ ಮೇಲಿಂದ ಬೆನ್ನಿಗೆ ತಂದು ಸೇರಿಸಿ. ಕತ್ತಿನ ಬಾಯಿ ತಲೆ ತೂರುವಷ್ಟು ಮಾತ್ರ ಇರಲಿ. ಮುಂಭಾಗದಲ್ಲಿ 10–12 ಸೆಂ.ಮೀ. ಸೀಳು ಬಿಟ್ಟು ಚರ್ಮದ ದಾರದಿಂದ ಕಟ್ಟುವಂತೆ ಮಾಡಿದರೆ ಬಾಯಿ ಕಿರಿದಾಗಿಯೂ ಇರುತ್ತದೆ, ತೊಡಲು ಸುಲಭವೂ ಆಗುತ್ತದೆ.

ಬೆನ್ನಿನ ಮೇಲ್ಭಾಗ ಬಿಗಿಯಾಗದಂತೆ ನೋಡಿಕೊಳ್ಳಿ. ಎರಡೂ ಕೈ ಮುಂದಕ್ಕೆ ಚಾಚಿದಾಗ ಬೆನ್ನು ಹತ್ತು ಸೆಂ.ಮೀ.ಯಾದರೂ ಹಿಗ್ಗುತ್ತದೆ. ಎದೆಯ ಅಳತೆಯೇ ಬೆನ್ನಿಗೂ ಸಾಕು ಎಂದುಕೊಂಡವರಿಗೆ ಕತ್ತಿ ಬೀಸಲು ಆಗುವುದಿಲ್ಲ. ಅಲ್ಲಿ ಹೆಚ್ಚಳ ಹಾಕಿ: ಹೊಸ ಸಾಲು ಹೆಣೆಯುವಾಗ ಮೇಲಿನ ಒಂದೇ ಉಂಗುರಕ್ಕೆ ತೂಗುವ ಹೆಚ್ಚುವರಿ ಉಂಗುರವೊಂದನ್ನು ಸೇರಿಸಿ, ಮುಂದಿನ ಸಾಲಿನಲ್ಲಿ ಅದನ್ನು ಮಾಮೂಲಿ ಉಂಗುರವೆಂದೇ ಎಣಿಸಿ. ಕಡಿಮೆ ಮಾಡಲು ಮೇಲಿನ ಮೂರನ್ನು ಒಂದೇ ಉಂಗುರದಲ್ಲಿ ಹಿಡಿಯಿರಿ. ಈ ಎರಡು ಕೈಚಳಕದಿಂದಲೇ ತೋಳು, ಕಂಕುಳು, ಸೊಂಟ, ಅಂಚು ಎಲ್ಲವೂ ರೂಪ ಪಡೆಯುತ್ತವೆ.

ಮೊಣಕೈವರೆಗಿನ ಅಗಲ ತೋಳಾದರೆ ಭುಜದ ಪಟ್ಟಿಯನ್ನೇ ಹೊರಕ್ಕೆ ಬೆಳೆಸಿ ಕೆಳಗೆ ಮಡಚಿ ಕೂಡಿಸಿದರೆ ಸಾಕು. ಉದ್ದ ತೋಳಿಗೆ ಇದು ಒಗ್ಗದು, ಸಾಲುಗಳು ತೋಳಿನುದ್ದಕ್ಕೆ ಬಂದು ಕೈ ಇಳಿಬಿಟ್ಟಾಗ ತೋಳು ಜೋಲುತ್ತದೆ. ಆಗ ಸಾಲುಗಳು ತೋಳಿನ ಸುತ್ತ ಬರುವಂತೆ ಬೇರೆ ಕೊಳವೆ ಹೆಣೆದು ಅಡ್ಡ ತಿರುಗಿಸಿ ಕೂಡಿಸಬೇಕು. ಎರಡೂ ಅಂಚಿನ ಎಣಿಕೆ ಹೊಂದುವುದಿಲ್ಲವಾದ್ದರಿಂದ ನಡುನಡುವೆ ಒಂದೊಂದು ಉಂಗುರ ಹೆಚ್ಚು ಹಿಡಿಸುತ್ತ ಸಾಗಿ. ಕಂಕುಳಲ್ಲಿ ಏಳೆಂಟು ಹೆಚ್ಚಳ ಹಾಕಿ ಸಡಿಲ ಬಿಡಿ. ಕೈ ಎತ್ತಿದಾಗ ಅಂಗಿಯ ಕೆಳಅಂಚು ಒಂದು ಗೇಣು ಮೇಲೇರಿದರೆ ಕಂಕುಳು ಇನ್ನೂ ಬಿಗಿಯಿದೆ ಎಂದರ್ಥ.

ಮೊಣಕಾಲಿನವರೆಗಿನ ಹಾಬರ್ಕ್ ಮಾಡುವವರು ಸೊಂಟದಿಂದ ಕೆಳಗೆ ಹತ್ತು ಸಾಲಿಗೊಮ್ಮೆ ಹಿಂದೆ ಮುಂದೆ ಎರಡೆರಡು ಹೆಚ್ಚಳ ಹಾಕಿ. ಅಂಚಿನಿಂದ ಕವಲಿನವರೆಗೆ ಹಿಂದೆ ಮುಂದೆ ಸೀಳು ಬಿಡಿ. ನೈಟ್ ಕುದುರೆ ಏರುವವನು; ಸೀಳಿದ್ದರೆ ಅಂಗಿ ಎರಡು ತೊಡೆಗಳ ಮೇಲೆ ಹರಡಿ ಕೂರುತ್ತದೆ, ಇಲ್ಲದಿದ್ದರೆ ಜೀನಿನ ಮೇಲೆ ಕೂರಲಾಗದು.

8. ತೊಡುವುದು, ಕಳಚುವುದು

ಕೋಟೆಯಲ್ಲಿ ಇದು ಸ್ಕ್ವೈರ್‌ನ ಕೆಲಸ. ನೈಟ್ ಆಗಲು ತರಬೇತಿ ಪಡೆಯುತ್ತಿದ್ದ ಹುಡುಗ ಒಡೆಯನ ಅಂಗಿ ಉಜ್ಜುತ್ತ, ತೊಡಿಸುತ್ತ, ಕಳಚುತ್ತಲೇ ಅದರ ಮರ್ಮ ಕಲಿಯುತ್ತಿದ್ದ. 1128ರಲ್ಲಿ ಫ್ರಾನ್ಸಿನ ರುವಾನಿನಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ಹೆನ್ರಿ ಆಂಜೂವಿನ ಜೆಫ್ರಿಗೆ ನೈಟ್ ಪದವಿ ಕೊಟ್ಟಾಗ ಮಿಂದು ಬಂದ ಹುಡುಗನಿಗೆ ಜೋಡಿ ಹೆಣಿಗೆಯ ಉಂಗುರದಂಗಿ, ಕಾಲಿಗೆ ಉಂಗುರದ ಹೊದಿಕೆ, ಚಿನ್ನದ ಕುದುರೆಮುಳ್ಳು, ಸಿಂಹಗಳ ಚಿತ್ರದ ಗುರಾಣಿ ಕೊಟ್ಟರೆಂದು ಜೆಫ್ರಿಯ ಜೀವನಚರಿತ್ರೆ ಬರೆದ ಸನ್ಯಾಸಿ ವಿವರಿಸಿದ್ದಾನೆ.

ತೊಡುವ ಮೊದಲು ತಲೆಗೆ ತೆಳುವಾದ ಬಟ್ಟೆಯ ಟೊಪ್ಪಿ ಹಾಕಿ, ಗಡ್ಡವಿದ್ದರೆ ಬಟ್ಟೆ ಕಟ್ಟಿ. ಉಂಗುರಗಳು ಕೂದಲನ್ನು ಬುಡಸಮೇತ ಕೀಳುತ್ತವೆ. ಅಂಗಿಯನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಹಾಸಿ, ಕೆಳಗಿನಿಂದ ಎರಡೂ ತೋಳಿಗೆ ಕೈ ತೂರಿ, ಕೈ ಮೇಲೆತ್ತಿ ನೆಟ್ಟಗೆ ನಿಲ್ಲಿ. ಅಂಗಿ ತಾನೇ ಜಾರಿ ಇಳಿಯುತ್ತದೆ. ನಂತರ ಸೊಂಟಕ್ಕೆ 4 ಸೆಂ.ಮೀ. ಅಗಲದ ಚರ್ಮದ ಬೆಲ್ಟ್ ಬಿಗಿದು, ಬೆಲ್ಟಿನ ಮೇಲೆ ಅಂಗಿಯನ್ನು ತುಸು ಮೇಲಕ್ಕೆ ಎಳೆದು ಉಬ್ಬಿಸಿ. ಇದರಿಂದ ಭಾರದ ದೊಡ್ಡ ಪಾಲು ಭುಜದಿಂದ ಸೊಂಟಕ್ಕೆ ಇಳಿಯುತ್ತದೆ. ಬೆಲ್ಟ್ ಇಲ್ಲದೆ ಒಂದು ಗಂಟೆ ನಿಂತವರ ಭುಜ ಮರುದಿನವೂ ನೋಯುತ್ತದೆ. ಬಿಸಿಲಿಗೆ ಹೋಗುವುದಾದರೆ ಮೇಲೆ ಬಟ್ಟೆಯ ನಿಲುವಂಗಿ ಹಾಕಿ, ಬರಿ ಕಬ್ಬಿಣ ಕೈ ಸುಡುವಷ್ಟು ಕಾಯುತ್ತದೆ.

ಕಳಚುವಾಗ ಬೆಲ್ಟ್ ಬಿಚ್ಚಿ, ಕತ್ತಿನ ದಾರ ಸಡಿಲಿಸಿ, ಸೊಂಟ ಬಗ್ಗಿಸಿ ತಲೆ ಕೆಳಗೆ ಮಾಡಿ, ಕೈ ನೆಲದತ್ತ ಚಾಚಿ ಮೈ ಅಲುಗಿಸಿ. ಭುಜ ದಾಟಿದ ಕೂಡಲೇ ಇಡೀ ಅಂಗಿ ಒಮ್ಮೆಗೇ ಜಾರುತ್ತದೆ, ಮುಖ ಒಳಕ್ಕೆ ಎಳೆದುಕೊಳ್ಳಿ. ಸಾಗಿಸಲು ತೋಳುಗಳ ಮೂಲಕ ಬಡಿಗೆ ತೂರಿಸಿ ಇಬ್ಬರು ಹೊರುವುದು ಹಳೆಯ ಉಪಾಯ. 11ನೇ ಶತಮಾನದ ಬೇಯೋ ಕಸೂತಿಪಟದಲ್ಲಿ ನಾರ್ಮನ್ ಆಳುಗಳು ಹಡಗಿಗೆ ಅಂಗಿಗಳನ್ನು ಹಾಗೆಯೇ ಹೊತ್ತೊಯ್ಯುತ್ತಾರೆ. ಹ್ಯಾಂಗರಿಗೆ ಹಾಕಿ ತಿಂಗಳುಗಟ್ಟಲೆ ತೂಗುಬಿಡಬೇಡಿ, ಮುಚ್ಚಿದ ಉಂಗುರಗಳು ಭುಜದ ಹತ್ತಿರ ಒಂದೊಂದೇ ಬಾಯಿ ಬಿಡುತ್ತವೆ.

9. ತುಕ್ಕು

14ನೇ ಶತಮಾನದ, ಇಂಗ್ಲೆಂಡಿನ ಡೋವರ್ ಕೋಟೆಯ ಸಾಮಾನುಪಟ್ಟಿಯಲ್ಲಿ ಕವಚ ಉರುಳಿಸುವ ಪೀಪಾಯಿಯ ಉಲ್ಲೇಖವಿದೆ. ಅದೇ ವಿಧಾನ ಇಂದಿಗೂ ಎಲ್ಲಕ್ಕಿಂತ ಉತ್ತಮ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಅಂಗಿ ಹಾಕಿ, ಅದರ ಅರ್ಧದಷ್ಟು ಒಣ ಮರಳು ಸುರಿದು, 20 ನಿಮಿಷ ನೆಲದ ಮೇಲೆ ಉರುಳಿಸಿ. ಮರಳು ಜರಡಿ ಹಿಡಿದದ್ದು, ಪೂರ್ತಿ ಒಣಗಿದ್ದು ಆಗಿರಲಿ. ಸಮುದ್ರದ ಮರಳು ಬೇಡ, ಅದರ ಉಪ್ಪೇ ಹೊಸ ತುಕ್ಕು ತರುತ್ತದೆ. ತುಕ್ಕು ದಪ್ಪಗಿದ್ದರೆ ಮರಳಿಗೆ ಸ್ವಲ್ಪ ವಿನೆಗರ್ ಬೆರೆಸಿ ಉರುಳಿಸಿ, ತಕ್ಷಣ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಸಿ ಒಣಗಿಸಿ. ಜಿ.ಐ. ಅಂಗಿಗೆ ಈ ಮರಳಿನ ಚಿಕಿತ್ಸೆ ಬೇಡ, ಸತುವೆಲ್ಲ ಸವೆದುಹೋಗುತ್ತದೆ; ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

ಕಪ್ಪು ಕಬ್ಬಿಣದ ಅಂಗಿಗೆ ಕೊನೆಗೆ ತೆಳುವಾದ ಮೆಷಿನ್ ಎಣ್ಣೆ. ಬಟ್ಟೆಗೆ ಎಣ್ಣೆ ಹಚ್ಚಿ, ಅದರಲ್ಲಿ ಅಂಗಿಯನ್ನು ಹಿಸುಕಿ ಹೊರಳಿಸಿ. ನೇರವಾಗಿ ಸುರಿದರೆ ದಪ್ಪಂಗಿಯೆಲ್ಲ ಎಣ್ಣೆಯಾಗುತ್ತದೆ. ಅಗಸೆ ಎಣ್ಣೆ ಹಚ್ಚಬೇಡಿ, ಅದು ಒಣಗಿ ಪದರ ಕಟ್ಟಿ ಉಂಗುರಗಳನ್ನು ಅಂಟಿಸಿಬಿಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಹಚ್ಚಿಟ್ಟ ಅಂಗಿಯೂ ಹದಿನೈದು ದಿನಕ್ಕೆ ಕೆಂಪಾಗಬಲ್ಲದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಹದಿನೈದು ದಿನಕ್ಕೊಮ್ಮೆ ತೆಗೆದು ಕಂಕುಳು, ಕತ್ತಿನ ಅಂಚು, ಬೆಲ್ಟ್ ಬರುವ ಜಾಗ ನೋಡಿ. ಬೆವರು ಕೂರುವುದು ಅಲ್ಲೇ, ತುಕ್ಕು ಮೊದಲು ಹತ್ತುವುದೂ ಅಲ್ಲೇ. ತೆಳುವಾದ ಉಂಗುರ ಕಂಡರೆ ಆಗಲೇ ಕತ್ತರಿಸಿ ತೆಗೆದು ಹೊಸದು ಹಾಕಿ. ಅದಕ್ಕೆಂದೇ ಅದೇ ಅಳತೆಯ ನೂರು ತೆರೆದ ಉಂಗುರಗಳನ್ನು ಎಣ್ಣೆ ಹಚ್ಚಿ ಪುಟ್ಟ ಚೀಲದಲ್ಲಿ ಜೊತೆಗಿಟ್ಟಿರಿ.